ಅಸೆಂಬ್ಲಿ ಹಾಲಿನ ಕಿಟಕಿ

ಮೀಟರ್ ಫ್ಯಾಕ್ಟರಿಯನ್ನು ಒಡೆಯುತ್ತಾರೆ ಎಂಬ ಸುದ್ದಿ ವೆಂಕಟಲಕ್ಷ್ಮಿಗೆ ಮೊದಲು ಗೊತ್ತಾದದ್ದು ಹೂವಿನ ಶಾಂತಿಯಿಂದ. ಪೀಣ್ಯ ಎರಡನೇ ಹಂತದಲ್ಲಿ ಫ್ಯಾಕ್ಟರಿಯ ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ಹೂ ಮಾರುವ ಶಾಂತಿ, "ಇನ್ನು ಇಲ್ಲಿ ಕೂರಕ್ಕಾಗಲ್ಲಮ್ಮ, ಜೆಸಿಬಿ ಬರುತ್ತಂತೆ. ಅಪಾರ್ಟ್‌ಮೆಂಟ್ ಕಟ್ತಾರಂತೆ" ಅಂದಳು. ವೆಂಕಟಲಕ್ಷ್ಮಿ ಕನಕಾಂಬರ ಕಟ್ಟಿಸಿಕೊಂಡು ದಾಸರಹಳ್ಳಿಯ ಮನೆಗೆ ಬಂದಳು. ಗಂಡನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಲೇ ಸಾರು ಕುದಿಸಿ, ಊಟ ಮುಗಿದ ಮೇಲೆ ಹೇಳಿದಳು. ದ್ವಾರಕಾನಾಥ ತಟ್ಟೆಯಿಂದ ತಲೆಯೆತ್ತದೆ, "ಒಡೀಲಿ ಬಿಡು. ಹದಿನೈದು ವರ್ಷದಿಂದ ಹಾವು ಹಲ್ಲಿಗೆ ಬಿಟ್ಟಿದ್ರು" ಎಂದ.

ಗಂಡ ಹೆಂಡತಿ ಇಬ್ಬರೂ ಆ ಫ್ಯಾಕ್ಟರಿಯಲ್ಲಿ ದುಡಿದವರು. ಕರೆಂಟಿನ ಮೀಟರ್ ತಯಾರಿಸುವ ಸರ್ಕಾರಿ ಕಾರ್ಖಾನೆ ಅದು. ವೆಂಕಟಲಕ್ಷ್ಮಿ ಮೀಟರಿನ ಬಿಡಿ ಭಾಗಗಳನ್ನು ಜೋಡಿಸುವ ಅಸೆಂಬ್ಲಿ ಹಾಲಿನಲ್ಲಿದ್ದಳು. ಅಲ್ಲಿ ಹೆಂಗಸರೇ ಹೆಚ್ಚು. ಸಾಸಿವೆಗಿಂತ ಸಣ್ಣ ಕಲ್ಲನ್ನು ಚಿಮಟದಲ್ಲಿ ಹಿಡಿದು, ಭೂತಗನ್ನಡಿಯಲ್ಲಿ ನೋಡುತ್ತಾ, ಮೀಟರಿನ ತಿರುಗುವ ತಟ್ಟೆಯ ಕೆಳಗೆ ಕೂರಿಸುವುದು ಅವಳ ಕೆಲಸ. ಒಂದು ಕಣ ಧೂಳು ಸೇರಿದರೂ ತಟ್ಟೆ ನಿಧಾನವಾಗುತ್ತಿತ್ತು. ಹಾಗಾಗಿ ಆ ಹಾಲಿಗೆ ಚಪ್ಪಲಿ ನಿಷಿದ್ಧ, ತಲೆಗೆ ಹೂವು ನಿಷಿದ್ಧ, ಮುಖಕ್ಕೆ ಪೌಡರ್ ನಿಷಿದ್ಧ. ಕಿಟಕಿಗಳು ತೆಗೆಯಲು ಬರುವಂಥವೇ ಅಲ್ಲ, ಬೆಳಕಿಗಾಗಿ ಇದ್ದವು ಅಷ್ಟೆ. ಉತ್ತರದ ಗೋಡೆಯ ಮೂರನೇ ಕಿಟಕಿಯ ಬಳಿ ಅವಳ ಬೆಂಚು. ಮದುವೆಗೆ ಮೊದಲೂ ಅಲ್ಲೇ ಕೂತಿದ್ದಳು, ಮಗಳು ಮದುವೆಯಾಗಿ ಮೈಸೂರಿಗೆ ಹೋದಾಗಲೂ ಅಲ್ಲೇ ಕೂತಿದ್ದಳು.

ದ್ವಾರಕಾನಾಥ ಅದೇ ಫ್ಯಾಕ್ಟರಿಯ ಫೋಟೋಗ್ರಾಫರ್. ಪ್ರಚಾರ ವಿಭಾಗದಲ್ಲಿ ಅವನಿಗೆ ಫಿಲ್ಮ್ ತೊಳೆಯುವ ಒಂದು ಕತ್ತಲ ಕೋಣೆ ಇತ್ತು. ಮಂತ್ರಿ ಬಂದರೆ ಅವನು ಬೇಕು, ನಿವೃತ್ತಿಯ ಹಾರ ಹಾಕುವಾಗ ಬೇಕು, ರಾಜ್ಯೋತ್ಸವಕ್ಕೆ ಬೇಕು, ತಗಡು ಒತ್ತುವ ಪ್ರೆಸ್ಸಿಗೆ ಯಾರದ್ದಾದರೂ ಬೆರಳು ಸಿಕ್ಕರೆ ಆ ಮೆಷಿನ್ನಿನ ಚಿತ್ರಕ್ಕೂ ಬೇಕು. ಫ್ಯಾಕ್ಟರಿ ಮುಚ್ಚಿದಾಗ ಆಫೀಸು ಖಾಲಿ ಮಾಡಿದವರು ಅವನ ನೆಗೆಟಿವ್‌ಗಳನ್ನೆಲ್ಲ ಹಳೆಯ ಫೈಲುಗಳ ಜೊತೆ ಗೋಣಿಚೀಲಕ್ಕೆ ತುಂಬಿ ಗುಜರಿಗೆ ಹಾಕಿದ್ದರು. ಸುದ್ದಿ ತಿಳಿದು ಅವನು ಗುಜರಿ ಅಂಗಡಿಗೆ ಓಡಿದ. ಅಷ್ಟರಲ್ಲಿ ಚೀಲಗಳು ಮುಂದೆ ಹೋಗಿದ್ದವು. ಮನೆಗೆ ಬಂದು, "ಫಿಲ್ಮ್ ತೊಳೆದು ಅದರಲ್ಲಿರೋ ಬೆಳ್ಳಿ ತೆಗೀತಾರಂತೆ" ಎಂದಷ್ಟೇ ಹೇಳಿದ. ತನ್ನ ಸ್ವಂತ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟ. ಆಮೇಲೆ ಮೊಮ್ಮಗಳ ಹುಟ್ಟುಹಬ್ಬಕ್ಕೂ ಅದು ಕೆಳಗಿಳಿಯಲಿಲ್ಲ. ವೆಂಕಟಲಕ್ಷ್ಮಿ ಕೇಳಲೂ ಇಲ್ಲ.

ಹೂವಿನವಳು ಸುದ್ದಿ ಹೇಳಿದ ಕೆಲವೇ ದಿನಗಳಲ್ಲಿ ಸುಕೃತಿ ಎಂಬ ಹುಡುಗಿ ಮನೆ ಹುಡುಕಿಕೊಂಡು ಬಂದಳು. ಹುಡುಗಿ ಅಂದರೆ ಮೂವತ್ತು ದಾಟಿದವಳೇ. ನಗರದ ಕಾಲೇಜೊಂದರಲ್ಲಿ ಫೋಟೋಗ್ರಫಿ ಪಾಠ ಮಾಡುತ್ತಿದ್ದಳು. ಉಳಿದ ಹೊತ್ತಿನಲ್ಲಿ, ಮುಚ್ಚಿಹೋದ ಕಾರ್ಖಾನೆಗಳನ್ನು ಒಡೆಯುವ ಮೊದಲು ಒಳಗೆ ಹೋಗಿ ಅವುಗಳ ಚಿತ್ರ ತೆಗೆಯುತ್ತಿದ್ದಳು. ಮೀಟರ್ ಫ್ಯಾಕ್ಟರಿಯ ಜಾಗ ಕೊಂಡವರಿಂದ ಅನುಮತಿ ಸಿಕ್ಕಿತ್ತು. ಹಳೆಯ ಫೋಟೋಗಳೇನಾದರೂ ಇವೆಯಾ ಎಂದು ಕೇಳಲು ಬಂದಿದ್ದಳು.

"ಇಲ್ಲ" ಎಂದ ದ್ವಾರಕಾನಾಥ.

"ಒಂದೂ ಇಲ್ವಾ ಅಂಕಲ್?"

"ಒಂದೂ ಇಲ್ಲಮ್ಮ."

ವೆಂಕಟಲಕ್ಷ್ಮಿ ಕಾಫಿ ತಂದಿಟ್ಟಳು. "ಇಂಥ ಹಾಳು ಬಿದ್ದ ಜಾಗದ ಫೋಟೋ ಯಾರಿಗೆ ಬೇಕಮ್ಮ?" ಎಂದು ಕೇಳಿದಳು. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಸುಕೃತಿ ಲೋಟ ಕೈಯಲ್ಲಿ ಹಿಡಿದು ಸ್ವಲ್ಪ ಯೋಚಿಸಿದಳು. "ನಾನು ಓದಿದ್ದು ಬೇಗೂರಲ್ಲಿ ಆಂಟಿ. ಸ್ಕೂಲ್ ಎದುರಿಗೆ ಒಂದು ತೋಪಿತ್ತು, ಊಟದ ಡಬ್ಬಿ ಅಲ್ಲೇ ಬಿಚ್ತಿದ್ವಿ. ಈಗ ಸ್ಕೂಲೂ ಇಲ್ಲ, ತೋಪೂ ಇಲ್ಲ. ನನ್ನ ತಮ್ಮ ಅಲ್ಲಿ ಹುಣಸೆಮರ ಇತ್ತು ಅಂತಾನೆ, ನಾನು ಹೊಂಗೆ ಅಂತೀನಿ. ಯಾರು ಹೇಳ್ತಿರೋದು ಸರಿ ಅಂತ ನೋಡಕ್ಕೆ ಒಂದು ಫೋಟೋನೂ ಇಲ್ಲ. ಅದಕ್ಕೇ ಶುರು ಮಾಡಿದ್ದು."

ದ್ವಾರಕಾನಾಥ ಅವಳನ್ನೇ ನೋಡುತ್ತಿದ್ದ. ಅವಳು ತನ್ನ ಲ್ಯಾಪ್‌ಟಾಪ್ ತೆರೆದು ಹಿಂದೆ ತೆಗೆದ ಚಿತ್ರಗಳನ್ನು ತೋರಿಸಿದಳು. ಖಾಲಿ ಶೆಡ್ಡುಗಳು, ಕಿತ್ತ ಮೆಷಿನ್‌ಗಳ ಬೋಲ್ಟು ಉಳಿದ ನೆಲ, ಗೋಡೆಯ ಮೇಲೆ ಅರ್ಧ ಅಳಿಸಿದ ಸುರಕ್ಷತಾ ಸೂಚನೆ. ಅವನು ಕನ್ನಡಕ ಮೇಲೇರಿಸಿ ನೋಡಿದ. "ಬೆಳಕು ಚೆನ್ನಾಗಿ ಹಿಡಿದಿದೀಯ. ಆದರೆ ಒಂದರಲ್ಲೂ ಮನುಷ್ಯರೇ ಇಲ್ವಲ್ಲಮ್ಮ."

"ಬೇಕೂಂತಲೇ ಇಟ್ಟಿಲ್ಲ ಅಂಕಲ್. ಜನ ಬಂದರೆ ಎಲ್ಲರೂ ಜನರನ್ನೇ ನೋಡ್ತಾರೆ, ಜಾಗ ನೋಡಲ್ಲ."

"ಜನ ಇಲ್ಲದಿದ್ರೆ ಅದು ಯಾವ ಜಾಗ?"

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ನೀವು ಬಂದು ಯಾವುದು ಎಲ್ಲಿತ್ತು ಅಂತ ತೋರಿಸ್ತೀರಾ? ನನ್ನ ಜೊತೆ ಒಬ್ಬ ಅಸಿಸ್ಟೆಂಟ್‌ಗೆ ಪರ್ಮಿಷನ್ ಇದೆ" ಎಂದಳು.

ಎಪ್ಪತ್ತು ದಾಟಿದ ಗಂಡ ಅಸಿಸ್ಟೆಂಟ್ ಆಗಿ ಹೊರಟದ್ದು ನೋಡಿ ವೆಂಕಟಲಕ್ಷ್ಮಿಗೆ ನಗು ಬಂತು. ಬೇಡ ಅನ್ನಲಿಲ್ಲ. ಮನೆಯಲ್ಲಿ ಟೀವಿ ಮುಂದೆ ಕೂತು ಪೇಪರನ್ನು ಎರಡು ಸಲ ಓದುವುದಕ್ಕಿಂತ ಇದು ವಾಸಿ.

ಬೆಳಿಗ್ಗೆ ಹೋದವನು ಮಧ್ಯಾಹ್ನ ಊಟಕ್ಕೆ ಬರುತ್ತಿದ್ದ. ಪ್ಯಾಂಟಿಗೆ ಸುಣ್ಣದ ಧೂಳು, ಕೂದಲಲ್ಲಿ ಜೇಡರ ಬಲೆ. ಮೊದಲಿಗಿಂತ ಒಂದು ಸೌಟು ಅನ್ನ ಜಾಸ್ತಿ ಹಾಕಿಸಿಕೊಳ್ಳುತ್ತಿದ್ದ. ಕ್ಯಾಂಟೀನಿನ ಮಾಡು ಕುಸಿದಿದೆ, ಟೂಲ್ ರೂಮಿನ ಒಳಗೆ ಆಲದ ಗಿಡ ಆಳೆತ್ತರ ಬೆಳೆದಿದೆ, ಸೈರನ್ ಕಂಬ ಹಾಗೇ ಇದೆ ಎಂದು ವರದಿ ಕೊಡುತ್ತಿದ್ದ. ತನ್ನ ಕತ್ತಲ ಕೋಣೆಯ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಒಂದು ದಿನ ಅವನನ್ನು ಮನೆಗೆ ಬಿಡಲು ಬಂದ ಸುಕೃತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ, "ಅಂಕಲ್ ಎಲ್ಲಾ ತೋರಿಸ್ತಾರೆ ಆಂಟಿ. ಬೆಳಕು ಯಾವಾಗ ಎಲ್ಲಿಗೆ ಬರುತ್ತೆ ಅಂತ ಅವರಿಗೆ ಬಾಯಿಪಾಠ. ಆದರೆ ಕ್ಯಾಮೆರಾ ಕೊಟ್ರೆ ಮುಟ್ಟಲ್ಲ. ನೀವು ಒಂದ್ಸಲ ಬನ್ನಿ ಪ್ಲೀಸ್" ಎಂದಳು.

"ನಾನು ಬಂದು ಏನು ಮಾಡಲಿ? ಅಲ್ಲಿ ಮಾಡೋ ಕೆಲಸ ಎಲ್ಲಾ ಆಗಲೇ ಮಾಡಾಯ್ತು" ಎಂದು ವೆಂಕಟಲಕ್ಷ್ಮಿ ಒಗ್ಗರಣೆಗೆ ಸಾಸಿವೆ ಹಾಕಿದಳು.

ಅವಳ ಮನಸ್ಸು ಬದಲಾದದ್ದು ಬೇರೆ ಕಾರಣಕ್ಕೆ. ಮಾರನೇ ದಿನ ಊಟದ ನಡುವೆ ದ್ವಾರಕಾನಾಥ, "ಅಸೆಂಬ್ಲಿ ಹಾಲಲ್ಲಿ ಕಟ್ಟಡ ಒಡೆಯೋರು ಬೀಡು ಬಿಟ್ಟಿದಾರೆ. ನಿನ್ನ ಕಿಟಕಿ ಹತ್ರ ಒಂದು ಹೆಂಗಸು ಒಲೆ ಹೂಡಿದಾಳೆ" ಎಂದ.

"ಎಲ್ಲಿ?"

"ನಿನ್ನ ಬೆಂಚ್ ಇದ್ದ ಜಾಗದಲ್ಲೇ."

"ಅಸೆಂಬ್ಲಿ ಹಾಲಲ್ಲಿ ಸೌದೆ ಒಲೆಯಾ?" ವೆಂಕಟಲಕ್ಷ್ಮಿಯ ದನಿ ತಾನಾಗಿ ಏರಿತು. ಮಲ್ಲಿಗೆ ಮುಡಿದು ಬಂದ ತಪ್ಪಿಗೆ ಹೊಸ ಹುಡುಗಿಯರನ್ನು ಬಾಗಿಲಿನಿಂದಲೇ ವಾಪಸ್ ಕಳಿಸುತ್ತಿದ್ದ ಹಾಲ್ ಅದು. ಅವಳೇ ಎಷ್ಟೋ ಜನರನ್ನು ಕಳಿಸಿದ್ದಳು. ಕಾರ್ಖಾನೆ ಇನ್ನು ಇಲ್ಲ ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೂ ಸಿಟ್ಟು ಬಂತು. "ನಾಳೆ ನಾನೂ ಬರ್ತೀನಿ" ಎಂದಳು.

ಗೇಟಿನಲ್ಲಿ ವಾಚ್‌ಮನ್ ಆಂಜಿನಪ್ಪ ಸುಕೃತಿಯ ಅನುಮತಿ ಪತ್ರವನ್ನೂ ವೆಂಕಟಲಕ್ಷ್ಮಿಯನ್ನೂ ಮೇಲಿಂದ ಕೆಳಗೆ ನೋಡಿದ. "ಇವರೂ ಅಸಿಸ್ಟೆಂಟಾ ಮೇಡಂ?"

"ಹೂಂ ಅಣ್ಣ, ಇವರೂ ಅಸಿಸ್ಟೆಂಟೇ."

"ನಿಮ್ಮ ಅಸಿಸ್ಟೆಂಟ್‌ಗಳಿಗೆಲ್ಲ ಮಂಡಿ ನೋವಿದ್ದಂಗಿದೆ. ನಿಧಾನಕ್ಕೆ ಕರ್ಕೊಂಡೋಗಿ. ಎಡಗಡೆ ಗೋಡೆ ಹತ್ರ ಹೋಗ್ಬೇಡಿ, ಯಾವಾಗ ಬೀಳುತ್ತೋ ಗೊತ್ತಿಲ್ಲ."

ಒಳಗಿನ ರಸ್ತೆಯ ಎರಡೂ ಬದಿಗೆ ಲಂಟಾನ ಬೆಳೆದಿತ್ತು. ಅಸೆಂಬ್ಲಿ ಹಾಲಿನ ಮಾಡಿನ ಶೀಟುಗಳನ್ನು ಅರ್ಧ ಕಳಚಿ ಹೊರಗೆ ಅಟ್ಟಿ ಹಾಕಿದ್ದರು. ಬಾಗಿಲು ಇರಲಿಲ್ಲ, ಚೌಕಟ್ಟು ಮಾತ್ರ ಇತ್ತು. ವೆಂಕಟಲಕ್ಷ್ಮಿ ಚೌಕಟ್ಟಿನ ಹತ್ತಿರ ಬಂದವಳು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ಬಿಟ್ಟದ್ದು ಅವಳಿಗೇ ಗೊತ್ತಾಗಲಿಲ್ಲ.

"ಯವ್ವಾ, ಚಪ್ಲಿ ಹಾಕ್ಕೊಂಡು ಬರ್ರಿ" ಎಂದು ಒಳಗಿನಿಂದ ಒಂದು ದನಿ ಕೂಗಿತು. "ನೆಲದ ತುಂಬಾ ಮೊಳಿ ಬಿದ್ದಾವ್ರಿ, ಕಾಲಾಗ ಹೊಕ್ಕಾವು."

ಮೂರನೇ ಕಿಟಕಿಯ ಕೆಳಗೆ, ಇಟ್ಟಿಗೆಯ ಒಲೆಯ ಮುಂದೆ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ನಲವತ್ತರ ಆಸುಪಾಸು. ಹೆಸರು ಶೇಖವ್ವ. ಶಹಾಪುರದ ಕಡೆಯವಳು. ಗಂಡ ಭೀಮಪ್ಪ ಹೊರಗೆ ಕಬ್ಬಿಣ ಬೇರ್ಪಡಿಸುತ್ತಿದ್ದ. ಗುಂಪಿನವರಿಗೆಲ್ಲ ಬೆಳಗಿನ ಅಡುಗೆ ಮಾಡಿಟ್ಟು ಅವಳೂ ಕೆಲಸಕ್ಕೆ ಸೇರುತ್ತಿದ್ದಳು.

ವೆಂಕಟಲಕ್ಷ್ಮಿ ಬಯ್ಯಲೆಂದೇ ಬಂದವಳು ಚಪ್ಪಲಿ ಮೆಟ್ಟಿಕೊಂಡು ಹತ್ತಿರ ಹೋಗಿ ನಿಂತಳು. ನೆಲದ ಹಸಿರು ಬಣ್ಣ ಒಂದೆರಡು ಕಡೆ ಇನ್ನೂ ಉಳಿದಿತ್ತು. ಬೆಂಚಿನ ಕಾಲುಗಳಿಗೆ ಕೊರೆದ ತೂತುಗಳಲ್ಲಿ ಈಗ ಬೂದಿ ತುಂಬಿತ್ತು. "ಇಷ್ಟು ದೊಡ್ಡ ಹಾಲ್ ಇದೆ. ಒಲೆ ಇಲ್ಲೇ ಯಾಕೆ ಹೂಡಿದೆ?" ಎಂದು ಕೇಳಿದಳು.

"ಇಲ್ಲಿ ಗಾಳಿ ಬರಂಗಿಲ್ರಿ, ಬೆಂಕಿ ಆರಂಗಿಲ್ಲ. ಬೆಳಕೂ ಛಲೋ ಅದ. ಬ್ಯಾರೆ ಗ್ವಾಡಿ ಕಿಟಕಿ ಮುಂದ ಮುಂಜಾನಿ ಬಿಸಿಲು ಕಣ್ಣಿಗೇ ಹೊಡೀತದ." ಶೇಖವ್ವ ರೊಟ್ಟಿಯನ್ನು ಹೆಂಚಿಗೆ ಹಾಕಿ ಮೇಲೆ ನೀರು ಸವರಿದಳು. "ನೀವು ಯಾರ್ರಿ?"

"ನಾನು ಇಲ್ಲಿ ಕೆಲಸ ಮಾಡ್ತಿದ್ದೆ."

"ಈ ಫ್ಯಾಕ್ಟರಿದಾಗ?"

"ಇಲ್ಲೇ. ನೀನು ಕೂತಿದೀಯಲ್ಲ, ಅಲ್ಲೇ."

ಶೇಖವ್ವ ಕೂತಲ್ಲಿಂದ ಸ್ವಲ್ಪ ಸರಿದಳು, ಯಾರದೋ ಸೀಟಿನಲ್ಲಿ ಕೂತವರು ಸರಿಯುವ ಹಾಗೆ. ವೆಂಕಟಲಕ್ಷ್ಮಿಗೆ ಮುಜುಗರವಾಯಿತು. "ಇರಲಿ ಕೂತ್ಕೊ, ಕೂತ್ಕೊ. ನಮ್ಮದು ಮುಗೀತು" ಎಂದಳು. ಬಯ್ಯುವ ಮಾತು ಎಲ್ಲಿ ಹೋಯಿತೋ. ಶೇಖವ್ವ ಪೇಂಟಿನ ಖಾಲಿ ಡಬ್ಬಿಯೊಂದನ್ನು ಬೋರಲು ಹಾಕಿ, ಸೆರಗಿನಿಂದ ಒರೆಸಿ ಕೂರಿಸಿದಳು. ಒಂದು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೈಗೆ ಕೊಟ್ಟಳು. ವೆಂಕಟಲಕ್ಷ್ಮಿ ತಿಂದಳು. ಆ ಹಾಲಿನಲ್ಲಿ ಕೂತು ಅವಳು ಏನನ್ನಾದರೂ ತಿಂದದ್ದು ಅದೇ ಮೊದಲು. ಹಿಂದೆ ನೀರು ಕುಡಿಯಬೇಕಾದರೂ ಹೊರಗೆ ಹೋಗಬೇಕಿತ್ತು.

ಆ ಹೊತ್ತಿಗೆ ಕಿಟಕಿಯ ಮಸಿ ಹಿಡಿದ ಗಾಜಿನಿಂದ ಬೆಳಕು ಇಬ್ಬರು ಹೆಂಗಸರ ಮೇಲೂ ಒಂದೇ ಸಮನಾಗಿ ಬೀಳುತ್ತಿತ್ತು. ಒಲೆಯ ಹೊಗೆ ನೇರ ಮೇಲೆದ್ದು ಶೀಟು ಕಳಚಿದ ಕಡೆಯಿಂದ ಹೊರಗೆ ಹೋಗುತ್ತಿತ್ತು. ದೂರದಲ್ಲಿ ನಿಂತಿದ್ದ ದ್ವಾರಕಾನಾಥ ಸುಕೃತಿಯ ಕಡೆ ಕೈಚಾಚಿದ. "ಕೊಡಮ್ಮ ಇಲ್ಲಿ" ಎಂದ. ಅವಳು ಕ್ಯಾಮೆರಾ ಕೊಟ್ಟಳು.

ಅವನು ಅದನ್ನು ಕಣ್ಣಿಗೆ ಹಿಡಿಯುತ್ತಲೇ ಶೇಖವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. "ಬ್ಯಾಡ್ರಿ ಅಜ್ಜಾರ. ಫೋಟೋ ಬ್ಯಾಡ್ರಿ."

ದ್ವಾರಕಾನಾಥ ತಕ್ಷಣ ಕ್ಯಾಮೆರಾ ಇಳಿಸಿದ. "ಯಾಕಮ್ಮ? ನಾಚಿಕೆನಾ?"

"ನಾಚಿಕಿ ಅಲ್ರಿ." ಅವಳು ಸೆರಗಿನ ಒಳಗಿನಿಂದಲೇ ಹೇಳಿದಳು. "ವೈಟ್‌ಫೀಲ್ಡ್‌ದಾಗ ಹಿಂಗ ಒಬ್ರು ಬಂದಿದ್ರು. ಛಲೋ ಮಾತಾಡಿದ್ರು, ಶೆಡ್ಡಿನ ಫೋಟೋ ಹೊಡ್ಕೊಂಡು ಹ್ವಾದ್ರು. ಕೂಲಿಯವ್ರು ಎಂಥಾ ಜಾಗದಾಗ ಅದಾರ ನೋಡ್ರಿ ಅಂತ ಫೋನಿನಾಗ ಎಲ್ಲಾ ಕಡೆ ಹಾಕಿದ್ರಂತ. ಮಾಲಕ್ರು ಗುತ್ತೇದಾರಗ ಬೈದ್ರು. ಗುತ್ತೇದಾರ ನಮಗ ಗಂಟು ಕಟ್ರಿ ಅಂದ. ಮಳಿಗಾಲದಾಗ, ಹೇಳ್ರಿ. ಫೋಟೋ ಹೊಡೆದೋರು ನಮಗ ಒಳ್ಳೇದಾಗ್ಲಿ ಅಂತನೇ ಹೊಡೆದಿದ್ರು. ಆದ್ರ ಬೀದಿಗೆ ಬಿದ್ದೋರು ನಾವು."

ಸುಕೃತಿಯ ಮುಖ ಕೆಂಪಾಯಿತು. ದ್ವಾರಕಾನಾಥ ಕ್ಯಾಮೆರಾವನ್ನು ಅವಳಿಗೆ ವಾಪಸ್ ಕೊಟ್ಟು, "ಸರಿ ತಾಯಿ, ತೆಗೆಯಲ್ಲ" ಎಂದ. ಗೋಡೆಯ ಬಳಿ ಒಂದು ಕಲ್ಲಿನ ಮೇಲೆ ಕೂತ.

ಶೇಖವ್ವ ಸೆರಗು ಸರಿಸಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಒಂದೆರಡು ರೊಟ್ಟಿ ಆದ ಮೇಲೆ ವೆಂಕಟಲಕ್ಷ್ಮಿ ಮಕ್ಕಳೆಷ್ಟು ಎಂದು ಕೇಳಿದಳು.

"ಒಬ್ಬಾಕಿ ಮಗಳು, ಸವಿತಾ. ಶಹಾಪುರದಾಗ ಹಾಸ್ಟೆಲ್‌ನಾಗ ಇಟ್ಟೀವಿ, ಪಿಯುಸಿ ಓದ್ಲಾಕತ್ಯಾಳ. ಆಕಿ ಹುಟ್ಟಿದ್ದು ಇಲ್ಲೇ ಬೆಂಗಳೂರಾಗ, ಬೆಳ್ಳಂದೂರು ಕೆರಿ ಕಡಿ. ಆಗ ನಾವು ಕಟ್ಟೋ ಕೆಲಸಕ್ಕ ಹೋಗ್ತಿದ್ವಿ." ಅವಳು ಸೌದೆಯನ್ನು ಒಲೆಯ ಒಳಗೆ ತಳ್ಳಿದಳು. "ಹ್ವಾದ ಬ್ಯಾಸಗಿಗೆ ಬಂದಿದ್ಲು. 'ನಾ ಹುಟ್ಟಿದ ಜಾಗ ತೋರ್ಸಬೇ' ಅಂತ ಹಟ ಹಿಡದ್ಲು. ಬಸ್ಸಿಗೆ ಕರ್ಕೊಂಡು ಹ್ವಾದೆ. ಶೆಡ್ ಎಲ್ಲಿತ್ತು ಅಂತ ನನಗೇ ತಿಳೀಲಿಲ್ರಿ. ಎಲ್ಲಾ ಗಾಜಿನ ಬಿಲ್ಡಿಂಗ್. ಇಲ್ಲೇ ಎಲ್ಲೋ ಇತ್ತು ಅಂತ ಒಂದು ಗೇಟಿನ ಮುಂದ ನಿಂತ್ವಿ. ವಾಚ್‌ಮನ್ ಬಂದು ನಡೀರಿ ನಡೀರಿ ಅಂದ. ತಿರುಗಿ ಬರೋವಾಗ ಬಸ್ಸಿನಾಗ, 'ಯವ್ವಾ, ನೀವು ಇದ್ದ ಜಾಗ ಒಂದರ ಉಳಿದೈತೇನು?' ಅಂತ ಕೇಳಿದ್ಲು. ಲೆಕ್ಕ ಹಾಕಿ ನೋಡಿದೆ. ಒಂದೂ ಇಲ್ಲ."

ವೆಂಕಟಲಕ್ಷ್ಮಿ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಿನ್ನದೆ ಹಿಡಿದುಕೊಂಡಿದ್ದಳು. "ಇದನ್ನೂ ನೀವೇ ಒಡೀತೀರಲ್ಲ" ಎಂದಳು.

"ನಾವೇ ಒಡೀತೀವ್ರಿ. ಬರೋ ವಾರ ಈ ಗ್ವಾಡಿ."

"ಹಾಗಿದ್ರೆ ಒಂದು ಫೋಟೋ ತೆಗೆಸ್ಕೊ. ಮಗಳಿಗೆ ಅಂತ. ಬೇರೆ ಯಾರಿಗೂ ಅಲ್ಲ."

ಶೇಖವ್ವ ಸುಕೃತಿಯ ಕಡೆ ನೋಡಿದಳು. ಕ್ಯಾಮೆರಾ ಯಾರದು ಎಂಬುದು ಅವಳಿಗೆ ಗೊತ್ತಿತ್ತು.

"ನಿಮ್ಮನ್ನ ಕೇಳದೆ ಎಲ್ಲೂ ಹಾಕಲ್ಲ ಅಕ್ಕ" ಎಂದಳು ಸುಕೃತಿ. "ಬೇಡ ಅಂದ್ರೆ ಯಾವತ್ತೂ ಹಾಕಲ್ಲ."

ಶೇಖವ್ವ ಎದ್ದು ಹೊರಗೆ ಹೋಗಿ ಗಂಡನ ಜೊತೆ ಏನೋ ಮಾತಾಡಿ ಬಂದಳು. ಜೊತೆಗೆ ಭೀಮಪ್ಪನೂ ಬಂದ. ಕೈಗೆ ಕಟ್ಟಿಕೊಂಡಿದ್ದ ಚಿಂದಿ ಬಟ್ಟೆ ಬಿಚ್ಚುತ್ತಾ, ಇಬ್ಬರು ಮುದುಕರನ್ನೂ ಹುಡುಗಿಯನ್ನೂ ನೋಡಿ, "ಮಗಳಿಗೆ ಅಂದ್ರ ಹೊಡೀರಿ" ಎಂದ. ತಾನು ಬರುವುದಿಲ್ಲ ಎಂದು ಕಂಬದ ಪಕ್ಕ ನಿಂತ. ಶೇಖವ್ವ ಒಲೆಯ ಮುಂದೆ ಕೂತಳು. ಕೂತವಳು ನಗತೊಡಗಿದಳು. "ಒಬ್ಬಾಕಿನೇ ಕೂತ್ರ ನಗು ಬರ್ತದ್ರಿ. ಯವ್ವಾ, ನೀವೂ ಕೂಡ್ರಿ."

ವೆಂಕಟಲಕ್ಷ್ಮಿ ಡಬ್ಬಿಯನ್ನು ಕಿಟಕಿಯ ಕಡೆ ಎಳೆದುಕೊಂಡು ಕೂತಳು.

ದ್ವಾರಕಾನಾಥ ಮತ್ತೆ ಕ್ಯಾಮೆರಾ ತೆಗೆದುಕೊಂಡ. ಈ ಸಲ ಅವಸರ ಮಾಡಲಿಲ್ಲ. ಹಿಂದೆ ಇಟ್ಟಿದ್ದ ಬಕೆಟ್ಟನ್ನು ಪಕ್ಕಕ್ಕಿಟ್ಟ. ಮತ್ತೆ ಯೋಚಿಸಿ ಅದೇ ಜಾಗಕ್ಕೆ ತಂದಿಟ್ಟ. ಶೇಖವ್ವನಿಗೆ, "ನೀನು ರೊಟ್ಟಿ ಬಿಡಬೇಡಮ್ಮ, ನಿನ್ನ ಪಾಡಿಗೆ ಮಾಡ್ತಿರು" ಎಂದ. ಹೆಂಡತಿಗೆ, "ಗದ್ದ ಸ್ವಲ್ಪ ಇಳಿಸು. ಆ ಕಡೆ ನೋಡಬೇಡ, ಅವಳ ಕೈ ನೋಡು" ಎಂದ. ಅವನ ದನಿಯಲ್ಲಿ ಅಪ್ಪಣೆ ಇತ್ತು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಅಳುತ್ತಿದ್ದವರನ್ನು ಇದೇ ದನಿಯಲ್ಲಿ ನೇರ ನಿಲ್ಲಿಸುತ್ತಿದ್ದ. ವೆಂಕಟಲಕ್ಷ್ಮಿ ಆ ದನಿ ಕೇಳಿ ಬಹಳ ವರ್ಷವಾಗಿತ್ತು. ಅವಳು ಗಂಡ ಹೇಳಿದಂತೆ ಗದ್ದ ಇಳಿಸಿ ಶೇಖವ್ವನ ಕೈಗಳನ್ನು ನೋಡಿದಳು. ಹಿಟ್ಟು ಮೆತ್ತಿದ ಬೆರಳುಗಳು ರೊಟ್ಟಿಯನ್ನು ತಿರುವುತ್ತಾ ಬಡಿಯುತ್ತಿದ್ದವು. ನೋಡುತ್ತಾ ನೋಡುತ್ತಾ ಫೋಟೋದ ವಿಷಯವೇ ಅವಳಿಗೆ ಮರೆತುಹೋಯಿತು.

"ಆಯ್ತು" ಎಂದ ದ್ವಾರಕಾನಾಥ. ಅಲ್ಲಿಗೆ ನಿಲ್ಲಿಸಲಿಲ್ಲ. ಬಗ್ಗಿ, ಕೂತು, ಪಕ್ಕಕ್ಕೆ ಸರಿದು ಇನ್ನೂ ಹಲವು ತೆಗೆದ. ಏಳಲು ಹೋದಾಗ ಮಂಡಿ ಹಿಡಿದುಕೊಂಡಿತು. ಭೀಮಪ್ಪ ಬಂದು ತೋಳು ಹಿಡಿದು ಎಬ್ಬಿಸಿದ.

ಮರುದಿನ ಸುಕೃತಿ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಳು. ಊಟದ ಮೇಜಿನ ಮೇಲಿಟ್ಟು ಆ ಚಿತ್ರಗಳನ್ನು ತೋರಿಸಿದಳು. ಮೊದಲ ಚಿತ್ರದಲ್ಲಿ ಶೇಖವ್ವ ತಲೆ ತಗ್ಗಿಸಿದ್ದಾಳೆ, ತುಟಿಯ ಅಂಚಿನಲ್ಲಿ ನಗು ಇನ್ನೂ ಇದೆ. ವೆಂಕಟಲಕ್ಷ್ಮಿ ಸ್ವಲ್ಪ ಮುಂದೆ ಬಾಗಿ ಅವಳ ಕೈ ನೋಡುತ್ತಿದ್ದಾಳೆ. ಕಿಟಕಿ ಇಬ್ಬರ ನಡುವೆ ಬಿಳಿಯಾಗಿ ನಿಂತಿದೆ.

"ನಾನು ಇಷ್ಟು ಮುದುಕಿ ಆಗಿದೀನಾ?" ಎಂದಳು ವೆಂಕಟಲಕ್ಷ್ಮಿ.

"ಅಂಕಲ್" ಎಂದಳು ಸುಕೃತಿ. "ಮೂರು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ನಾನು ತೆಗೆದ ಅಷ್ಟೂ ಚಿತ್ರಗಳನ್ನ ಒಂದು ಕಡೆ ಇಟ್ರೂ ಈ ಒಂದರ ಮುಂದೆ ನಿಲ್ಲಲ್ಲ. ಇದು ಎಕ್ಸಿಬಿಷನ್‌ಗೆ ಬೇಕು. ನಿಮ್ಮ ಹೆಸರಲ್ಲೇ ಹಾಕ್ತೀನಿ."

ದ್ವಾರಕಾನಾಥ ಪರದೆಯಿಂದ ಕಣ್ಣು ತೆಗೆಯಲಿಲ್ಲ. ತನ್ನ ಹೆಸರಿನ ಮಾತು ಬಂದಾಗ ಅವನ ಮುಖ ಬೆಳಗಿದ್ದು ವೆಂಕಟಲಕ್ಷ್ಮಿಗೆ ಕಾಣಿಸಿತು. ಅಷ್ಟು ವರ್ಷದ ಕೆಲಸದಲ್ಲಿ ಒಂದು ಚಿತ್ರದ ಕೆಳಗೂ ಅವನ ಹೆಸರು ಅಚ್ಚಾಗಿರಲಿಲ್ಲ. 'ಫೋಟೋ: ಪ್ರಚಾರ ವಿಭಾಗ' ಎಂದಷ್ಟೇ ಇರುತ್ತಿತ್ತು. ಅವನು ಕನ್ನಡಕ ತೆಗೆದು, "ಕ್ಯಾಮೆರಾ ನಿಂದು, ಒತ್ತಿದ್ದು ನಾನು. ಆದರೆ ಮುಖ ಅವಳದ್ದಮ್ಮ. ಹೋಗಿ ಅವಳನ್ನ ಕೇಳು" ಎಂದ.

"ಕೇಳಿದ್ರೆ ಬೇಡ ಅಂತಾರೆ."

"ಅಂದ್ರೆ ಬೇಡ ಅಷ್ಟೆ. ನನಗೂ ಬೇಜಾರಾಗುತ್ತೆ."

ಪ್ರಿಂಟ್ ಹಾಕಿಸಿ ತರುವಷ್ಟರಲ್ಲಿ ಅಸೆಂಬ್ಲಿ ಹಾಲಿನ ಉತ್ತರದ ಗೋಡೆ ನೆಲಕ್ಕೆ ಬಂದಿತ್ತು. ಗುತ್ತಿಗೆದಾರ ವಿಶ್ವನಾಥ್ ಭೀಮಪ್ಪನ ಗುಂಪನ್ನು ಎಲೆಕ್ಟ್ರಾನಿಕ್ ಸಿಟಿ ದಾಟಿ ಆನೇಕಲ್ ರಸ್ತೆಗೆ ಕಳಿಸಿದ್ದ. ಅಲ್ಲಿ ಹಳೆಯ ಗೋದಾಮೊಂದನ್ನು ಒಡೆಯುವ ಕೆಲಸ. ಶೇಖವ್ವನ ಫೋನ್ ನಂಬರು ವೆಂಕಟಲಕ್ಷ್ಮಿಯ ಹತ್ತಿರ ಇತ್ತು. ಫೋನ್ ಮಾಡಿದರೆ, "ಬರ್ರಿ ಯವ್ವಾ, ಐತ್ವಾರ ಮಧ್ಯಾಹ್ನ ಬಿಡುವು ಇರ್ತದ" ಎಂದಳು. ಮೂವರೂ ಸುಕೃತಿಯ ಕಾರಿನಲ್ಲಿ ಹೊರಟರು. ಪೀಣ್ಯದಿಂದ ಆನೇಕಲ್ಲಿಗೆ ಊರಿನ ಈ ತುದಿಯಿಂದ ಆ ತುದಿ. ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಬಿದ್ದಾಗ ದ್ವಾರಕಾನಾಥ ನಿದ್ದೆ ಹೋದ. ಅವನ ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಹಳೆಯ ಕ್ಯಾಮೆರಾ ಇತ್ತು. ಫಿಲ್ಮ್ ಎಲ್ಲಿ ಸಿಗುತ್ತದೆ ಎಂದು ಸುಕೃತಿಯನ್ನು ಕೇಳಿ ತರಿಸಿಕೊಂಡಿದ್ದ.

ಗೋದಾಮಿನ ಹಿಂದೆ ನೀಲಿ ತಗಡಿನ ಸಾಲು ಶೆಡ್ಡುಗಳು. ಶೇಖವ್ವ ಕೈ ತೊಳೆದು, ಸೆರಗಿಗೆ ಒರೆಸಿ, ಪ್ರಿಂಟನ್ನು ಅಂಚಿನಲ್ಲಿ ಹಿಡಿದುಕೊಂಡಳು. ಮೊದಲು ತನ್ನನ್ನು ನೋಡಿಕೊಂಡಳು. ಆಮೇಲೆ ಒಲೆ, ಬಕೆಟ್ಟು, ಹಿಟ್ಟಿನ ಪರಾತ, ಹಿಂದಿನ ಗೋಡೆಯ ಮೇಲೆ ನೇತುಹಾಕಿದ್ದ ಚೀಲ ಎಲ್ಲವನ್ನೂ ಒಂದೊಂದಾಗಿ ಬೆರಳಿಟ್ಟು ನೋಡಿದಳು. "ಬಕೆಟ್ ಅಲ್ಲೇ ಮರೆತು ಬಂದ್ವಿ ನೋಡ್ರಿ" ಎಂದು ಗಂಡನಿಗೆ ತೋರಿಸಿದಳು. ಭೀಮಪ್ಪ ಬಹಳ ಹೊತ್ತು ನೋಡಿ, "ಕಿಟಕಿ ಮಸ್ತ್ ಬಂದದ" ಎಂದ. ಆ ಕಿಟಕಿಯ ಚೌಕಟ್ಟನ್ನು ಕಿತ್ತದ್ದು ಅವನೇ ಅಂತೆ.

ಸುಕೃತಿ ತಾನು ಬಂದ ಕಾರಣ ಹೇಳಿದಳು. ಸುತ್ತಿ ಬಳಸದೆ ಹೇಳಿದಳು. ಎಲ್ಲಿ ತೂಗು ಹಾಕುತ್ತಾರೆ, ಯಾರು ಬಂದು ನೋಡುತ್ತಾರೆ, ಪತ್ರಿಕೆಯಲ್ಲಿ ಬಂದರೂ ಬರಬಹುದು ಎಂಬುದನ್ನೂ ಹೇಳಿದಳು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು.

"ಈ ಗುತ್ತೇದಾರ ಛಲೋ ಮನಷ್ಯಾ ಅದಾನ್ರಿ ಮೇಡಂ" ಎಂದ ಭೀಮಪ್ಪ. "ಆದ್ರ ಅವನ ಮ್ಯಾಲೂ ಮಂದಿ ಅದಾರ. ಬ್ಯಾಡ್ರಿ."

"ಮುಖ ಕಾಣದ ಹಾಗೆ..." ಎಂದು ಶುರು ಮಾಡಿದ ಸುಕೃತಿ ತಾನೇ ಅರ್ಧಕ್ಕೆ ನಿಲ್ಲಿಸಿದಳು. "ಇಲ್ಲ, ಬಿಡಿ ಅಣ್ಣ. ಸರಿ." ಅವಳು ಎದ್ದು ಶೆಡ್ಡಿನ ಹೊರಗೆ ಹೋಗಿ ಸ್ವಲ್ಪ ಹೊತ್ತು ರಸ್ತೆಯ ಕಡೆ ಮುಖ ಮಾಡಿ ನಿಂತಳು. ಆಸೆ ಬಿಡುವುದು ಅವಳಿಗೆ ಸುಲಭವಾಗಲಿಲ್ಲ. ಕೆಲವು ತಿಂಗಳ ನಂತರ ನಡೆದ ಅವಳ ಪ್ರದರ್ಶನದಲ್ಲಿ ಆ ಚಿತ್ರ ಇರಲಿಲ್ಲ. ಖಾಲಿ ಹಾಲ್‌ಗಳ ಚಿತ್ರಗಳಷ್ಟೇ ಇದ್ದವು. ಅವುಗಳಲ್ಲಿ ಏನೋ ಕಡಿಮೆಯಿದೆ ಎಂದು ಒಂದಿಬ್ಬರು ಬರೆದರು.

ಆ ದಿನ ಅವಳು ಶೆಡ್ಡಿಗೆ ವಾಪಸ್ ಬಂದಾಗ ಶೇಖವ್ವ ತನ್ನ ಫೋನಿನಲ್ಲಿ ಪ್ರಿಂಟಿನ ಚಿತ್ರ ತೆಗೆದು ಮಗಳಿಗೆ ಕಳಿಸುತ್ತಿದ್ದಳು. ಹೊರಗೆ ಭೀಮಪ್ಪ ಹೊಸ ಅಂಗಿ ಹಾಕಿಕೊಂಡು ತಗಡಿನ ಬಾಗಿಲ ಮುಂದೆ ನಿಂತಿದ್ದ. ಇದನ್ನೂ ಒಂದು ಹೊಡೆದಿಡಿ ಎಂದು ಅವನೇ ಕೇಳಿದ್ದ. ದ್ವಾರಕಾನಾಥ ಹಳೆಯ ಕ್ಯಾಮೆರಾದಲ್ಲಿ ಫೋಕಸ್ ಮಾಡಲು ಕನ್ನಡಕ ಹಾಕುತ್ತಾ ತೆಗೆಯುತ್ತಾ ಒದ್ದಾಡುತ್ತಿದ್ದ. "ಅಂಕಲ್, ನಾನು ಹಿಡ್ಕೊಳ್ಲಾ?" ಎಂದಳು ಸುಕೃತಿ. "ನೀನು ನನ್ನ ಕನ್ನಡಕ ಹಿಡ್ಕೊ" ಎಂದ.

ಅಷ್ಟರಲ್ಲಿ ಸವಿತಾಳ ವಿಡಿಯೋ ಕಾಲ್ ಬಂತು. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತಿದ್ದಳು, ಹಿಂದೆ ಒಗೆದ ಬಟ್ಟೆಗಳ ಸಾಲು.

"ಯವ್ವಾ, ಫೋಟೋ ಮಸ್ತ್ ಐತಿ. ಬಾಜೂಕ ಕೂತ ಅಜ್ಜಿ ಯಾರು?"

"ಆ ಜಾಗದಾಗ ನನಗಿಂತ ಮೊದಲ ಇದ್ದಾಕಿ" ಎಂದಳು ಶೇಖವ್ವ. "ಇಲ್ಲೇ ಅದಾರ, ಮಾತಾಡು." ಫೋನನ್ನು ವೆಂಕಟಲಕ್ಷ್ಮಿಯ ಕೈಗೆ ಕೊಟ್ಟಳು.

"ನಮಸ್ಕಾರ್ರಿ ಅಜ್ಜಿ. ನೀವು ಅಲ್ಲಿ ಏನ್ ಮಾಡ್ತಿದ್ರಿ?"

ಆ ಪ್ರಶ್ನೆಯನ್ನು ವೆಂಕಟಲಕ್ಷ್ಮಿಯ ಮಗಳಾಗಲಿ ಮೊಮ್ಮಗಳಾಗಲಿ ಯಾವತ್ತೂ ಕೇಳಿರಲಿಲ್ಲ. ಫ್ಯಾಕ್ಟರಿ ಕೆಲಸ ಅಂದರೆ ಅವರಿಗೆ ಅಲ್ಲಿಗೆ ಮುಗಿಯುತ್ತಿತ್ತು. ವೆಂಕಟಲಕ್ಷ್ಮಿ ಫೋನನ್ನು ಮುಖದಿಂದ ಸ್ವಲ್ಪ ದೂರ ಹಿಡಿದು, "ಒಂದು ಕಲ್ಲು ಬರ್ತಿತ್ತಮ್ಮ, ಸಾಸಿವೆಗಿಂತ ಸಣ್ಣದು. ಕೆಂಪಗೆ. ಕೈಯಲ್ಲಿ ಮುಟ್ಟೋ ಹಾಗಿಲ್ಲ" ಎಂದು ಹೇಳತೊಡಗಿದಳು. ಯಾಕೆ ಮುಟ್ಟಬಾರದು ಎಂದು ಹುಡುಗಿ ಕೇಳಿದಳು. ಬೆವರು ಎಂದಳು ವೆಂಕಟಲಕ್ಷ್ಮಿ. ಬೀಳಿಸಿದರೆ ಏನಾಗುತ್ತದೆ ಎಂದು ಕೇಳಿದಳು. ಹಾಲ್‌ನಲ್ಲಿದ್ದವರೆಲ್ಲ ಮಂಡಿಯೂರಿ ಹುಡುಕಬೇಕು ಎಂದಳು. ಹುಡುಗಿ ನಕ್ಕಳು. ಅಲ್ಲಿಗೆ ದನಿ ಕಡಿದು ಹೋಯಿತು, ಪರದೆಯ ಮೇಲೆ ನಗುಮುಖ ಮಾತ್ರ ನಿಂತುಬಿಟ್ಟಿತು.

"ಇಲ್ಲಿ ಸಿಗ್ನಲ್ ಬರಂಗಿಲ್ರಿ" ಎನ್ನುತ್ತಾ ಶೇಖವ್ವ ವೆಂಕಟಲಕ್ಷ್ಮಿಯ ಮೊಣಕೈ ಹಿಡಿದು, ಬಿದ್ದ ಇಟ್ಟಿಗೆಗಳನ್ನು ತಪ್ಪಿಸುತ್ತಾ ರಸ್ತೆಯ ಅಂಚಿನವರೆಗೆ ಕರೆದುಕೊಂಡು ಹೋದಳು. ಸವಿತಾ ಮತ್ತೆ ಕಾಣಿಸಿಕೊಂಡು, "ಕೇಳಿಸ್ಲಿಲ್ರಿ ಅಜ್ಜಿ" ಎಂದಳು. ಲಾರಿಯೊಂದು ಧೂಳೆಬ್ಬಿಸಿಕೊಂಡು ದಾಟಿ ಹೋಗುವವರೆಗೆ ಕಾದು, ವೆಂಕಟಲಕ್ಷ್ಮಿ ಮೊದಲಿನಿಂದ ಹೇಳತೊಡಗಿದಳು.